ಒದ್ದೆ ಬೂಟು, ಬರಿಗಾಲು

ನಾವು ಓದಿದ ಚರಿತ್ರೆ ಪುಸ್ತಕಗಳಲ್ಲಿ ರಾಜರ ಕಿರೀಟ ಇತ್ತು, ಕೈಯಲ್ಲಿ ಹಿಡಿದ ಕತ್ತಿ ಇತ್ತು, ಹತ್ತಿ ಕೂತ ಆನೆ ಕುದುರೆ ಇತ್ತು. ಕಾಲು ಮಾತ್ರ ಇರಲಿಲ್ಲ. ದಂಡು ಹೋಯಿತು, ದಂಡು ಗೆದ್ದಿತು ಅಂತ ಬಾಯಿಪಾಠ ಮಾಡಿದೆವು. ಆ ದಂಡು ಎಷ್ಟು ದೂರ ನಡೆಯಿತು, ಮಳೆಯಲ್ಲಿ ನೆಂದ ಅದರ ಕಾಲು ಏನಾಯಿತು, ಆ ಕಾಲಿಗೆ ಮೆಟ್ಟು ಹೊಲಿದವನು ಯಾರು ಅಂತ ಯಾವ ಪ್ರಶ್ನೆಪತ್ರಿಕೆಯೂ ನಮ್ಮನ್ನು ಕೇಳಲಿಲ್ಲ.

ಮೊದಲನೇ ಮಹಾಯುದ್ಧ ಅಂದರೆ ನಮಗೆ ಗೊತ್ತಿರುವುದು 1914, ಸರಜೇವೊ, ಒಬ್ಬ ರಾಜಕುಮಾರನ ಕೊಲೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಅದೇ ಯುದ್ಧದಲ್ಲಿ ಗುಂಡು ತಾಗದೆ, ಬರೀ ಒದ್ದೆ ಬೂಟಿನೊಳಗೆ ಕೊಳೆತು ಕಾಲು ಹಾಳಾದವರು ಸಾವಿರಗಟ್ಟಲೆ ಇದ್ದರು. ಒಂದು ಸಾಮ್ರಾಜ್ಯ ತನ್ನ ಸಿಪಾಯಿಗಳ ಬೂಟು ಒಣಗಿಸುವುದು ಹೇಗೆ ಅಂತ ತಲೆ ಕೆಡಿಸಿಕೊಂಡು ಕೂತಿತ್ತು. ಆ ಕತೆಯನ್ನು ನಾವು ಯಾಕೆ ಓದಬೇಕು? ಆ ಬೂಟುಗಳಿಗೆ ಹೋದ ತೊಗಲಿನಲ್ಲಿ ನಮ್ಮಂಥವರ ಕೇರಿಯ ತೊಗಲೂ ಇತ್ತು. ಅದಕ್ಕೆ ಓದಬೇಕು.

1914ರ ಸೆಪ್ಟೆಂಬರ್ ಕೊನೆಯಲ್ಲಿ ಇಂಡಿಯಾದ ಸಿಪಾಯಿಗಳನ್ನು ಹೊತ್ತ ಹಡಗುಗಳು ಫ್ರಾನ್ಸಿನ ಮಾರ್ಸೇಲ್ಸ್ ಬಂದರು ಮುಟ್ಟತೊಡಗಿದವು. ಲಾಹೋರ್ ಡಿವಿಜನ್ ಮೊದಲು, ಮೀರತ್ ಡಿವಿಜನ್ ಆಮೇಲೆ. ಅಕ್ಟೋಬರ್ ಕೊನೆಗಾಗಲೇ ಅವರನ್ನು ಬೆಲ್ಜಿಯಂ ಗಡಿಯ ಈಪ್ರ್ ಊರಿನ ಸುತ್ತ ಕಂದಕಗಳಿಗೆ ಇಳಿಸಿದ್ದರು. ಅವರಲ್ಲಿ ಎಷ್ಟೋ ಮಂದಿ ಮೈಮೇಲೆ ಹಾಕಿಕೊಂಡು ಬಂದಿದ್ದು ನಮ್ಮ ಬಿಸಿಲಿಗೆ ಹೊಲಿದ ತೆಳು ಹತ್ತಿ ಬಟ್ಟೆ. ಬೆಚ್ಚನೆಯ ಕೋಟು ಎಲ್ಲರಿಗೂ ಸಿಗುವ ಹೊತ್ತಿಗೆ ಚಳಿ ಬಂದು ಕೂತಿತ್ತು. ಯುದ್ಧ ಮುಗಿಯುವುದರೊಳಗೆ ಫ್ರಾನ್ಸ್ ಮತ್ತು ಬೆಲ್ಜಿಯಂ ನೆಲಕ್ಕೆ ಹೋದ ಇಂಡಿಯಾದವರು 1 ಲಕ್ಷ 30 ಸಾವಿರಕ್ಕೂ ಹೆಚ್ಚು.

ಅಲ್ಲಿನ ನೆಲ ಜೇಡಿ. ನಾಲ್ಕಡಿ ಅಗೆದರೆ ನೀರು ಜಿನುಗುತ್ತದೆ. ಆ ಸೀಮೆಯ ರೈತರು ನೂರಾರು ವರ್ಷ ಕಾಲುವೆ ತೋಡಿ, ನೀರು ಬಸಿದು ಹೋಗುವ ಹಾಗೆ ಮಾಡಿ ಬೇಸಾಯ ಮಾಡುತ್ತಿದ್ದರು. ಫಿರಂಗಿ ಗುಂಡು ಬಿದ್ದು ಆ ಕಾಲುವೆಗಳೆಲ್ಲ ಮುಚ್ಚಿಹೋದವು. ಬೆಲ್ಜಿಯಂನವರು 1914ರ ಅಕ್ಟೋಬರಿನಲ್ಲಿ ಜರ್ಮನರನ್ನು ತಡೆಯುವುದಕ್ಕೆ ನ್ಯೂಪೋರ್ಟ್‌ನಲ್ಲಿ ತೂಬು ಎತ್ತಿ ಸಮುದ್ರದ ನೀರನ್ನೇ ಒಳಗೆ ಬಿಟ್ಟುಕೊಂಡರು. ಹೀಗಾಗಿ ಮಳೆಗಾಲದ ಗದ್ದೆಯ ಹಾಗಿದ್ದ ಕಂದಕದಲ್ಲಿ ಸಿಪಾಯಿ ಮೊಣಕಾಲುದ್ದ ನೀರಲ್ಲಿ ಹಗಲೂ ರಾತ್ರಿ ನಿಂತ. ಗದ್ದೆಯಾದರೆ ಸಂಜೆ ಮೇಲಕ್ಕೆ ಬರಬಹುದು. ಕಂದಕದಿಂದ ತಲೆ ಎತ್ತಿದರೆ ಗುಂಡು.

ಕಾಲು ಹೀಗೆ ತಣ್ಣೀರಲ್ಲಿ ನೆನೆದರೆ ಏನಾಗುತ್ತೆ? ನೀರು ಹೆಪ್ಪುಗಟ್ಟುವಷ್ಟು ಚಳಿಯೇ ಬೇಕಾಗಿಲ್ಲ. ಹತ್ತು ಹದಿನೈದು ಡಿಗ್ರಿಯ ತಣ್ಣನೆ ನೀರೇ ಸಾಕು. ಕಾಲಿನ ರಕ್ತನಾಳಗಳು ಕುಗ್ಗುತ್ತವೆ. ಮೊದಲು ಜೋಮು, ಆಮೇಲೆ ಬಿಳಿಚಿಕೊಂಡು ಊತ, ಆಮೇಲೆ ಬೊಬ್ಬೆ, ಕೊನೆಗೆ ಮಾಂಸ ಕಪ್ಪಾಗಿ ಕೊಳೆಯುವುದು. ಬೆರಳು ಕತ್ತರಿಸಬೇಕು, ಕೆಲವರಿಗೆ ಪಾದವನ್ನೇ. ಇದಕ್ಕೆ ಇಂಗ್ಲಿಷರು ಟ್ರೆಂಚ್ ಫೂಟ್ ಅಂತ ಹೆಸರಿಟ್ಟರು. ಕಂದಕದ ಕಾಲು. ಬಿಗಿ ಬೂಟು, ಮೊಣಕಾಲಿನವರೆಗೆ ಸುತ್ತಿದ ಪಟ್ಟಿ ನೆಂದು ಇನ್ನೂ ಬಿಗಿಯಾಗಿ ರಕ್ತ ಓಡಾಡದ ಹಾಗೆ ಮಾಡುತ್ತಿದ್ದವು. ಬೂಟು ಬಿಚ್ಚಿದರೆ ಕಾಲು ಊದಿಕೊಂಡು ಮತ್ತೆ ಒಳಗೆ ಹೋಗುವುದಿಲ್ಲ. ಬರಿಗಾಲಲ್ಲಿ ಓಡುವುದಕ್ಕಾಗುತ್ತದೆಯೇ ಅಂತ ಸಿಪಾಯಿ ಬೂಟು ಬಿಚ್ಚುತ್ತಲೇ ಇರಲಿಲ್ಲ. ಬಿಚ್ಚದೆ ಇದ್ದುದರಿಂದ ಕಾಲು ಇನ್ನಷ್ಟು ಕೊಳೆಯಿತು. 1914-15ರ ಮೊದಲ ಚಳಿಗಾಲದಲ್ಲೇ ಬ್ರಿಟಿಷ್ ಸೇನೆಯಲ್ಲಿ ಹೀಗೆ ಕಾಲು ಕೆಟ್ಟವರು ಸುಮಾರು 20,000 ಅಂತ ಲೆಕ್ಕ ಹೇಳುತ್ತಾರೆ.

ಬೂಟು ಒಣಗಿಸಬಹುದಿತ್ತಲ್ಲ ಅಂತ ಕೇಳಬಹುದು. ತೊಗಲಿನ ಗುಣ ಗೊತ್ತಿದ್ದವರಿಗೆ ಅದರ ಕಷ್ಟ ಗೊತ್ತು.

ನಮ್ಮ ತಾತ ತೊಗಲು ಹದ ಮಾಡಿ ಮೆಟ್ಟು ಹೊಲಿಯುತ್ತಿದ್ದವನು. ಮಳೆಗಾಲದಲ್ಲಿ ನಾವು ಹುಡುಗರು ನೆಂದ ಮೆಟ್ಟನ್ನು ಒಲೆ ಪಕ್ಕ ಇಟ್ಟರೆ ಬಯ್ಯುತ್ತಿದ್ದ. "ಬೆಂಕಿ ತಾವ ಮಡಗ್ಬ್ಯಾಡ್ರಲಾ, ತೊಗಲು ಸೆಟ್ಕತದೆ. ನೆಳ್ಳಲ್ಲಿ ಗಾಳಿಗೆ ಮಡಗ್ರಲಾ" ಅನ್ನುತ್ತಿದ್ದ. ಮೆಟ್ಟಾದರೆ ಗೋಡೆಗೆ ಒರಗಿಸಿ ನಿಲ್ಲಿಸುವುದು. ಯಾರದಾದರೂ ಬೂಟು ರಿಪೇರಿಗೆ ಬಂದು ನೆಂದಿದ್ದರೆ ದಾರ ಪೂರ್ತಿ ಬಿಚ್ಚಿ, ನಾಲಗೆ ಹೊರಗೆ ಎಳೆದು, ಒಳಗೆ ಒಣ ಹುಲ್ಲು ತುರುಕುವುದು. ಹುಲ್ಲು ನೀರು ಹೀರಿಕೊಂಡ ಮೇಲೆ ಅದನ್ನು ತೆಗೆದು ಬೇರೆ ಹುಲ್ಲು. ಪೂರಾ ಒಣಗುವುದಕ್ಕೆ ಮುಂಚೆ, ಇನ್ನೂ ಸ್ವಲ್ಪ ತೇವ ಇರುವಾಗಲೇ ಹರಳೆಣ್ಣೆ ಸವರುವುದು. ಎರಡು ದಿನ ಹಿಡಿಯುತ್ತಿತ್ತು. ಸ್ಕೂಲು ಮೆಟ್ಟಿಲು ಹತ್ತದ ತಾತ ಹೇಳಿದ್ದನ್ನೇ ಇವತ್ತಿನ ಚರ್ಮ ವಿಜ್ಞಾನವೂ ಹೇಳುತ್ತದೆ. ತೊಗಟೆಯಲ್ಲಿ ಹದ ಮಾಡಿದ ತೊಗಲು ಒದ್ದೆ ಇರುವಾಗ ಸುಮಾರು 75ರಿಂದ 85 ಡಿಗ್ರಿ ಬಿಸಿ ತಾಗಿದರೆ ಅದರ ಎಳೆಗಳು ಮುದುಡಿಕೊಳ್ಳುತ್ತವೆ. ಆಮೇಲೆ ಅದು ಬಿಗಿದುಕೊಂಡು ಸೀಳು ಬಿಡುತ್ತದೆ. ಸೀಳಿದ ಬೂಟಿಗೆ ನಾಳೆಯ ನೀರು ಇನ್ನೂ ಬೇಗ ನುಗ್ಗುತ್ತದೆ.

ಬೂಟಿಗೆ ಹೇಗೋ ಕಾಲಿಗೂ ಹಾಗೆಯೇ. ಮರಗಟ್ಟಿದ ಕಾಲನ್ನು ಬೆಂಕಿಗೆ ಹಿಡಿದವರ ಗತಿ ಇನ್ನೂ ಕೆಟ್ಟದ್ದಾಯಿತು ಅನ್ನುವುದನ್ನು ನೆಪೋಲಿಯನ್ನನ ಸೇನೆಯ ವೈದ್ಯ ಲಾರೆ 1807ರ ಐಲಾವ್ ಯುದ್ಧದ ಚಳಿಯಲ್ಲಿ ಕಂಡು ಬರೆದಿಟ್ಟಿದ್ದ. ನೂರು ವರ್ಷದ ಹಿಂದಿನ ಆ ಅರಿವು ಸೇನಾಪತಿಗಳ ಕಪಾಟಿನಲ್ಲಿ ಇತ್ತು. ಕಂದಕಕ್ಕೆ ಬಂದಿರಲಿಲ್ಲ.

ಹಾಗಾದರೆ ಒಂದು ಬೂಟು ಒಣಗುವುದಕ್ಕೆ ಏನು ಬೇಕು? ಅದು ಒಣಗುವವರೆಗೆ ಹಾಕಿಕೊಳ್ಳುವುದಕ್ಕೆ ಇನ್ನೊಂದು ಜೊತೆ ಬೇಕು. ನೀರಿನಿಂದ ಹೊರಗೆ ಬಂದು ಕೂರುವುದಕ್ಕೆ ಬಿಡುವು ಬೇಕು. ಮಳೆ ಬೀಳದ ಒಂದು ಸೂರು ಬೇಕು. ಮೂರರಲ್ಲಿ ಒಂದೂ ಸಿಪಾಯಿಯ ಕೈಯಲ್ಲಿರಲಿಲ್ಲ. ಇರುವವರ ಕೈಯಲ್ಲಿ ಅದು ಇತ್ತು. ಹಿಂದಿನ ಊರಲ್ಲಿ ಬೆಚ್ಚಗಿನ ಮನೆಯಲ್ಲಿದ್ದ ದೊಡ್ಡ ದೊಡ್ಡ ಅಧಿಕಾರಿಗಳ ಬೂಟನ್ನು ಆಳು ಬಿಚ್ಚಿ, ಒರೆಸಿ, ಒಣಗಿಸಿ, ಪಾಲಿಷ್ ಹಾಕಿ ಇಡುತ್ತಿದ್ದ.

ಮೊದಮೊದಲು ಸೇನೆ ಏನು ಮಾಡಿತು? ಎಲ್ಲ ಒಡೆಯರೂ ಮಾಡುವುದನ್ನೇ ಮಾಡಿತು. ತಪ್ಪನ್ನು ಕಾಲಿನವನ ತಲೆಗೆ ಕಟ್ಟಿತು. ಇವನು ಸೋಮಾರಿ, ಕಾಲು ತೊಳೆಯುವುದಿಲ್ಲ, ಯುದ್ಧ ತಪ್ಪಿಸಿಕೊಳ್ಳುವುದಕ್ಕೆ ಬೇಕಂತಲೇ ಕಾಲು ಕೆಡಿಸಿಕೊಂಡಿದ್ದಾನೆ ಅನ್ನುವ ಅನುಮಾನ. ಕಾಲು ನೋಡಿಕೊಳ್ಳದವನಿಗೆ ಶಿಕ್ಷೆ ಅಂತ ಹೆದರಿಸಿತು. ನಮಗೆ ಇದು ಹೊಸ ಮಾತೇ? ನಮ್ಮ ಕೇರಿಯಲ್ಲಿ ಕಾಯಿಲೆ ಬಂದರೆ ಇವರು ಗಲೀಜು ಜನ ಅನ್ನುವ ಊರಿನ ಮಾತಿಗೂ ಇದಕ್ಕೂ ಏನು ವ್ಯತ್ಯಾಸ? ಕೇರಿಗೆ ನಲ್ಲಿ ಇಲ್ಲ, ಚರಂಡಿ ಇಲ್ಲ ಅನ್ನುವುದನ್ನು ಮಾತ್ರ ಹೇಳುವುದಿಲ್ಲ.

ಆಮೇಲೆ ಸೇನೆಗೆ ಬುದ್ಧಿ ಬಂತು. ಕರುಣೆಯಿಂದ ಅಲ್ಲ. ಕಾಲಿಲ್ಲದವನು ಬಂದೂಕು ಹಿಡಿಯುವುದಿಲ್ಲ ಅನ್ನುವ ಲೆಕ್ಕದಿಂದ. 1915ರಲ್ಲಿ ಕಟ್ಟುನಿಟ್ಟಾದ ಆಜ್ಞೆಗಳು ಬಂದವು. ಕಂದಕಕ್ಕೆ ಇಳಿಯುವ ಮುಂಚೆ ಕಾಲು ತೊಳೆದು ಒರೆಸಿ ತಿಮಿಂಗಿಲದ ಎಣ್ಣೆ ತಿಕ್ಕಬೇಕು. ಪ್ರತಿಯೊಬ್ಬನ ಹತ್ತಿರ ಬೇರೆ ಒಣ ಕಾಲುಚೀಲ ಇರಬೇಕು. ದಿನಕ್ಕೆ ಒಂದು ಸಲವಾದರೂ ಬೂಟು ಬಿಚ್ಚಿ ಕಾಲು ತಿಕ್ಕಿ ಕಾಲುಚೀಲ ಬದಲಾಯಿಸಬೇಕು. ಇಬ್ಬಿಬ್ಬರ ಜೋಡಿ ಮಾಡಿದರು. ಇವನ ಕಾಲನ್ನು ಅವನು ತಿಕ್ಕಬೇಕು, ಅವನ ಕಾಲನ್ನು ಇವನು. ರಾತ್ರಿ ಊಟ ಹೊತ್ತುಬರುವವರು ಒಣ ಕಾಲುಚೀಲ ತಂದು ಒದ್ದೆಯದನ್ನು ವಾಪಸು ಒಯ್ಯುವುದು ಶುರುವಾಯಿತು. ಹಿಂದಿನ ಸಾಲಿನಲ್ಲಿ ಬಟ್ಟೆ ಬೂಟು ಒಣಗಿಸುವ ಕೋಣೆಗಳು ಆದವು. ನೀರು ಹೆಚ್ಚಿದ ಕಡೆಗೆ ರಬ್ಬರಿನ ಗಂಬೂಟು ಬಂತು. ಎಡಿನ್‌ಬರೋದ ನಾರ್ತ್ ಬ್ರಿಟಿಷ್ ರಬ್ಬರ್ ಕಂಪನಿ ಒಂದೇ ಆ ಯುದ್ಧಕ್ಕೆ ಸುಮಾರು 12 ಲಕ್ಷ ಜೊತೆ ಮಾಡಿ ಕೊಟ್ಟಿತು. ಕಂದಕದಲ್ಲಿ ಒಬ್ಬೊಬ್ಬನನ್ನು ಎಷ್ಟು ದಿನ ನಿಲ್ಲಿಸಬೇಕು ಅನ್ನುವುದಕ್ಕೂ ಮಿತಿ ಬಂತು.

ಇದೆಲ್ಲಕ್ಕಿಂತ ದೊಡ್ಡದು ಇನ್ನೊಂದು. ಅಧಿಕಾರಿ ಸ್ವತಃ ಬಗ್ಗಿ ಸಿಪಾಯಿಯ ಪಾದ ನೋಡಬೇಕು ಅಂತಾಯಿತು. ಯಾವ ಪಟಾಲಮ್ಮಿನಲ್ಲಿ ಕಾಲು ಕೊಳೆತವರು ಹೆಚ್ಚೋ ಆ ಪಟಾಲಮ್ಮಿನ ಅಧಿಕಾರಿ ಮೇಲಿನವರಿಗೆ ಉತ್ತರ ಹೇಳಬೇಕು. ಒದ್ದೆ ಕಾಲು ಸಿಪಾಯಿಯ ತಪ್ಪಲ್ಲ, ಅವನನ್ನು ಅಲ್ಲಿ ನಿಲ್ಲಿಸಿದವನ ತಪ್ಪು ಅಂತ ಕಾಗದದ ಮೇಲೆ ಒಪ್ಪಿಕೊಂಡ ಹಾಗಾಯಿತು. ಈ ಕ್ರಮ ಪಾಲಿಸಿದ ಕಡೆಯೆಲ್ಲ ಕಾಯಿಲೆ ತಗ್ಗಿತು. ಅದೇ ಕೆಸರು, ಅದೇ ಚಳಿ, ಅದೇ ತೊಗಲಿನ ಬೂಟು. ಬದಲಾದದ್ದು ಯಾರು ಜವಾಬ್ದಾರಿ ಅನ್ನುವುದು.

ಆದರೆ ಗೆಳೆಯರೇ, ಈ ಪಾಠವನ್ನು ಬ್ರಿಟಿಷರು ಕಲಿತದ್ದು ಯಾರ ಕಾಲಿನ ಮೇಲೆ? ಇಂಡಿಯಾದ ಕಾಲಾಳು ಪಡೆ ಆ ಕೆಸರಲ್ಲಿ ನಿಂತದ್ದು ಮೊದಲನೇ ಚಳಿಗಾಲದಲ್ಲಿ. 1915ರ ಕೊನೆಗೆ ಅವರನ್ನು ಅಲ್ಲಿಂದ ತೆಗೆದು ಮೆಸಪಟೋಮಿಯಕ್ಕೆ ಸಾಗಿಸಿದರು. ಒಣಗಿಸುವ ಕೋಣೆಗಳು, ಗಂಬೂಟಿನ ರಾಶಿಗಳು ಸರಿಯಾಗಿ ಬರುವ ಹೊತ್ತಿಗೆ ನಮ್ಮವರು ಅಲ್ಲಿರಲಿಲ್ಲ.

ನಮ್ಮವರು ಅಂದೆ. ಆದರೆ ಅವರಲ್ಲಿ ಯಾರು ನಮ್ಮವರು ಅಂತಲೂ ಕೇಳಿಕೊಳ್ಳಬೇಕು. ಬ್ರಿಟಿಷರು ಆ ಹೊತ್ತಿಗೆ ಕೆಲವು ಜಾತಿಗಳು ಮಾತ್ರ ವೀರ ಜಾತಿಗಳು ಅಂತ ಪಟ್ಟಿ ಮಾಡಿಕೊಂಡಿದ್ದರು. 1818ರಲ್ಲಿ ಕೋರೆಗಾಂವ್‌ನಲ್ಲಿ ಅವರಿಗಾಗಿ ಹೋರಾಡಿದ ಮಹಾರರನ್ನು 1890ರ ದಶಕದಲ್ಲಿ ಸೇನೆಗೆ ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದರು. ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲರು ಸುಬೇದಾರರಾಗಿದ್ದವರು. ಅವರ ಮಕ್ಕಳ ತಲೆಮಾರಿಗೆ ಆ ಬಾಗಿಲು ಮುಚ್ಚಿತು. ಯುದ್ಧದಲ್ಲಿ ಜನ ಸಾಲದಾದಾಗ 1917ರಲ್ಲಿ ಮತ್ತೆ ಒಂದು ಮಹಾರ್ ಪಟಾಲಂ ಕಟ್ಟಿದರು. ಕೆಲಸ ಮುಗಿದ ಮೇಲೆ 1921ರಲ್ಲಿ ಬಿಚ್ಚಿಹಾಕಿದರು. ಲಾಹೋರ್ ಡಿವಿಜನ್ನಿನ ಜೊತೆ ಫ್ರಾನ್ಸಿಗೆ ಹೋದ 34ನೇ ಸಿಖ್ ಪಯೋನಿಯರ್ ದಳದಲ್ಲಿ ಮಜಹಬಿ ಸಿಖ್ಖರು ಇದ್ದರು. ಸಿಖ್ ಧರ್ಮಕ್ಕೆ ಹೋದ ಮೇಲೂ ಅಸ್ಪೃಶ್ಯತೆ ಬಿಡದ ಜನ. ಪಯೋನಿಯರ್ ಅಂದರೆ ಬಂದೂಕಿನ ಜೊತೆಗೆ ಗುದ್ದಲಿ ಹಿಡಿದು ದಾರಿ ಮಾಡುವವರು, ಕಂದಕ ತೋಡುವವರು.

ಇನ್ನು ದಂಡಿನ ಜೊತೆ ಹೋದ ಮೋಚಿ, ಜಾಡಮಾಲಿ, ನೀರು ಹೊರುವ ಭಿಸ್ತಿ, ಅಗಸ ಇವರು ಸೈನಿಕರೇ ಅಲ್ಲ. ಸರ್ಕಾರಿ ಕಾಗದದಲ್ಲಿ ಇವರ ಹೆಸರು 'ಫಾಲೋಯರ್', ಹಿಂದೆ ಬರುವವರು. ಸಿಪಾಯಿಗೆ ತಿಂಗಳಿಗೆ 11 ರೂಪಾಯಿ. ಇವರಿಗೆ ಅದಕ್ಕಿಂತ ಕಡಿಮೆ. ನೆಂದು ಬಾಯಿಬಿಟ್ಟ ಬೂಟಿಗೆ ದಾರ ಹಾಕುವ ಮೋಚಿ ಇಲ್ಲದೆ ಪಟಾಲಂ ನಡೆಯುವುದಿಲ್ಲ. ಆದರೂ ಅವನು ಹಿಂದೆ ಬರುವವನು.

ಜಾತಿಯೂ ಹಡಗು ಹತ್ತಿ ಸಮುದ್ರ ದಾಟಿತ್ತು. ಇಂಗ್ಲೆಂಡಿನ ಬ್ರೈಟನ್ ಅರಮನೆಯನ್ನು ಇಂಡಿಯಾದ ಗಾಯಾಳುಗಳ ಆಸ್ಪತ್ರೆ ಮಾಡಿದಾಗ ಜಾತಿ ಧರ್ಮಕ್ಕೆ ತಕ್ಕ ಹಾಗೆ ಒಂಬತ್ತು ಅಡಿಗೆಮನೆ ಮಾಡಿದರು. ಹಿಂದೂಗಳಿಗೆ ಬೇರೆ ನಲ್ಲಿ, ಮುಸಲ್ಮಾನರಿಗೆ ಬೇರೆ ನಲ್ಲಿ. ಕಕ್ಕಸು ತೊಳೆಯುವುದಕ್ಕೆ ಮಾತ್ರ ಎಲ್ಲರಿಗೂ ಒಂದೇ ಜಾತಿ. ಬ್ರಾಕೆನ್‌ಹರ್ಸ್ಟ್ ಅನ್ನುವ ಹಳ್ಳಿಯ ಲೇಡಿ ಹಾರ್ಡಿಂಜ್ ಆಸ್ಪತ್ರೆಯಲ್ಲಿ ಬರೇಲಿಯ ಸುಖಾ ಅನ್ನುವ ಜಾಡಮಾಲಿ ಇದ್ದ. ಕೊಳೆತ ಕಾಲು, ಹರಿದ ಮೈ ಹೊತ್ತು ಬಂದವರ ಗಲೀಜು ತೆಗೆಯುವ ಕೆಲಸ. 1915ರ ಜನವರಿ 12ರಂದು ಸತ್ತ. ವಯಸ್ಸು 30. ಅಸ್ಪೃಶ್ಯನಾದ್ದರಿಂದ ಹಿಂದೂಗಳು ಅವನ ಹೆಣ ಸುಡಲು ಒಪ್ಪಲಿಲ್ಲ, ಮುಸಲ್ಮಾನನಲ್ಲ ಅಂತ ಇಮಾಮರೂ ಹೂಳಲು ಒಪ್ಪಲಿಲ್ಲ ಅಂತ ಹೇಳುತ್ತಾರೆ. ಕೊನೆಗೆ ಆ ಹಳ್ಳಿಯ ಇಗರ್ಜಿಯ ಅಂಗಳದಲ್ಲಿ ಮಣ್ಣು ಮಾಡಿದರು. ಊರವರು ಅವನ ಹೆಸರಿನಲ್ಲಿ ಕಲ್ಲು ನಿಲ್ಲಿಸಿದರು. ಇವತ್ತೂ ಆ ಕಲ್ಲು ಅಲ್ಲಿದೆ.

ಈಗ ಬೂಟಿಗೆ ಬರೋಣ. ಆ ಬೂಟು ಎಲ್ಲಿಂದ ಬಂತು? ಕಾನಪುರದಲ್ಲಿ 1860ರ ದಶಕದಿಂದಲೇ ಸರ್ಕಾರದ ಜೀನು ಕಾರ್ಖಾನೆ ಇತ್ತು. 1881ರಲ್ಲಿ ಕೂಪರ್ ಅಲೆನ್ ಕಂಪನಿ ಬಂತು. ಇಂಡಿಯಾದ ಸೇನೆಯ ಬೂಟು ಅಲ್ಲಿ ತಯಾರಾಗುತ್ತಿತ್ತು. ಅಲ್ಲಿ ತೊಗಲು ಹದ ಮಾಡಿದವರು ಚಮಾರರು. ದಕ್ಷಿಣದಿಂದ ಹೋಗುತ್ತಿದ್ದದ್ದು ಹದ ಮಾಡಿದ ಹಸುವಿನ ತೊಗಲು. ವ್ಯಾಪಾರಿಗಳ ಬಾಯಲ್ಲಿ ಅದರ ಹೆಸರು 'ಈಸ್ಟ್ ಇಂಡಿಯಾ ಕಿಪ್ಸ್'. ಮದ್ರಾಸು ಪ್ರಾಂತ್ಯ ಮತ್ತು ನಮ್ಮ ಮೈಸೂರು ಸೀಮೆಯ ಬಯಲಲ್ಲಿ ತಾನಾಗಿ ಬೆಳೆಯುವ ತಂಗಡಿ ಗಿಡದ ತೊಗಟೆಯಲ್ಲಿ ಹದ ಮಾಡಿ, ಅಳಲೆಕಾಯಿ ನೀರಲ್ಲಿ ಅದ್ದಿ ತೆಗೆದ ಮೆದು ತೊಗಲು. ಬ್ರಿಟಿಷ್ ಸಿಪಾಯಿಯ ಬೂಟಿನ ಮೇಲ್ಭಾಗಕ್ಕೆ ಇದು ಹೇಳಿ ಮಾಡಿಸಿದ್ದು. 1916ರಿಂದ ಸರ್ಕಾರ ಈ ವ್ಯಾಪಾರವನ್ನು ತನ್ನ ಕೈಗೆ ತೆಗೆದುಕೊಂಡು ಲಂಡನ್ನಿನ ಯುದ್ಧ ಇಲಾಖೆಗೆ ಕಳಿಸತೊಡಗಿತು. ದಳ್ಳಾಳಿಗಳು ಬೆಳೆದರು, ರಫ್ತಿನ ಸಾಹುಕಾರರು ಬೆಳೆದರು. ತೊಗಲು ಸುಲಿದವನ ಗುಡಿಸಲು ಹಾಗೇ ಇತ್ತು.

ಆ ತೊಗಲು ಹೇಗೆ ಹದ ಆಗುತ್ತಿತ್ತು ಅಂತ ಯೋಚನೆ ಮಾಡಿ. ಊರಲ್ಲಿ ಸತ್ತ ದನ ಎಳೆದು ತರಬೇಕು. ಸುಲಿಯಬೇಕು. ಸುಣ್ಣದ ಗುಂಡಿಯಲ್ಲಿ ದಿನಗಟ್ಟಲೆ ನೆನೆಹಾಕಬೇಕು. ಗುಂಡಿಗೆ ಇಳಿದು ತಿರುವಬೇಕು. ಕೂದಲು ಹೆರೆಯಬೇಕು, ಮಾಂಸ ಹೆರೆಯಬೇಕು, ತೊಳೆಯಬೇಕು, ತಂಗಡಿ ನೀರಲ್ಲಿ ಮತ್ತೆ ವಾರಗಟ್ಟಲೆ ಅದ್ದಿ ಎತ್ತಬೇಕು. ಇಷ್ಟೂ ಬರಿಗಾಲಲ್ಲಿ. ಸುಣ್ಣ ಕಾಲಿನ ಸಂದಿ ತಿನ್ನುತ್ತೆ, ಉಗುರು ತಿನ್ನುತ್ತೆ. ತಾತನ ಹಿಮ್ಮಡಿಯ ಸೀಳಿನಲ್ಲಿ ಒಂದು ಕಾಸು ನಿಲ್ಲಿಸಬಹುದಿತ್ತು. ಬೆರಳುಗಳ ನಡುವೆ ಯಾವಾಗಲೂ ಬೆಳ್ಳಗೆ ನೆಂದ ಚರ್ಮ. ಇನ್ನೊಬ್ಬರ ಕಾಲು ಒದ್ದೆಯಾಗದಿರಲಿ ಅಂತ ಹುಟ್ಟಿದ ಕಸುಬು, ಮಾಡುವವನ ಕಾಲನ್ನು ವರ್ಷವಿಡೀ ನೀರಲ್ಲಿ ಇಟ್ಟಿತ್ತು. ಫ್ರಾನ್ಸಿನ ಕಂದಕದ ಕಾಲಿಗೆ ವೈದ್ಯರು ಹೆಸರಿಟ್ಟರು, ಎಣ್ಣೆ ಕೊಟ್ಟರು, ಪುಸ್ತಕ ಬರೆದರು. ಸುಣ್ಣದ ಗುಂಡಿಯ ಕಾಲಿಗೆ ಅವರ ಪುಸ್ತಕದಲ್ಲಿ ಜಾಗ ಸಿಗಲಿಲ್ಲ. ಕೇರಿಯಲ್ಲಿ ಅದನ್ನು ಹಣೆಬರಹ ಅಂದರು.

ಹೊಲಿದ ಮೇಲಾದರೂ ಮೆಟ್ಟು ಹಾಕಿಕೊಳ್ಳುವ ಹಕ್ಕು ಇತ್ತೇ? ಊರಿನ ಬೀದಿಗೆ ಬಂದರೆ ಮೆಟ್ಟು ಬಿಚ್ಚಿ ಕೈಯಲ್ಲಿ ಹಿಡಿಯಬೇಕಾಗಿತ್ತು. ಗೌಡನಿಗೆ ವರ್ಷಕ್ಕೊಂದು ಜೊತೆ ಬಿಟ್ಟಿಯಾಗಿ ಹೊಲಿದುಕೊಡಬೇಕಾಗಿತ್ತು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಹರಳಯ್ಯ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದರು, ಬಸವಣ್ಣ ಅದನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡ ಅನ್ನುವ ಕತೆಯನ್ನು ನಮ್ಮ ಜನ ಇವತ್ತಿಗೂ ಹೇಳುತ್ತಾರೆ. ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟು ಮದುವೆಯಾದಾಗ ಆ ಇಬ್ಬರು ತಂದೆಯರನ್ನೂ ಕೊಲ್ಲಿಸಿದರು. ಹೊಲಿದ ಪಾದರಕ್ಷೆಯನ್ನು ತಲೆಯ ಮೇಲಿಟ್ಟುಕೊಳ್ಳುವುದು ಊರಿಗೆ ಸಹ್ಯವಾಯಿತು, ಹೊಲಿದವನ ಮನೆಯ ನೆಂಟಸ್ತನ ಸಹ್ಯವಾಗಲಿಲ್ಲ. 1927ರಲ್ಲಿ ಬಾಬಾಸಾಹೇಬರು ಮಹಾಡ್‌ನಲ್ಲಿ ಕೆರೆಯ ನೀರು ಮುಟ್ಟಿದರು. ಸತ್ತ ದನ ಎಳೆಯುವುದನ್ನು ಬಿಡಿ ಅಂತ ಜನಕ್ಕೆ ಹೇಳಿದರು. ಎಷ್ಟೋ ಕೇರಿಗಳು ಆ ಕೆಲಸ ಬಿಟ್ಟವು. ಬಿಟ್ಟದ್ದಕ್ಕೆ ಏಟೂ ತಿಂದವು.

ಇದು ಹಳೆಯ ಕತೆ ಅಂತ ಪುಸ್ತಕ ಮುಚ್ಚುವ ಹಾಗಿಲ್ಲ. ಮಳೆಗಾಲದ ಬೆಳಗಿನ ಜಾವ ಯಾವುದೇ ಪಟ್ಟಣದ ಬೀದಿಗೆ ಬಂದು ನಿಂತು ನೋಡಿ. ಕಸ ಗುಡಿಸುವ ಅಕ್ಕಂದಿರ, ಚರಂಡಿ ಬಗೆಯುವ ಅಣ್ಣಂದಿರ ಕಾಲು ನೋಡಿ. ಅವರಲ್ಲಿ ಹೆಚ್ಚಿನವರು ಯಾವ ಕೇರಿಯವರು ಅಂತ ನಿಮಗೆ ಗೊತ್ತು. 2013ರ ಮಲ ಹೊರುವ ಪದ್ಧತಿ ನಿಷೇಧದ ಕಾಯ್ದೆ ಬಂತು. ಅದರ ನಿಯಮಗಳಲ್ಲಿ ರಕ್ಷಣಾ ಸಾಮಗ್ರಿಯ ಪಟ್ಟಿ ಇದೆ, ಗಂಬೂಟೂ ಇದೆ. 1915ರಲ್ಲಿ ಬ್ರಿಟಿಷ್ ಕಂದಕಕ್ಕೆ ಬಂದ ಅದೇ ಗಂಬೂಟು. ಆದರೆ ಬೂಟು ಕೊಟ್ಟುಬಿಟ್ಟರೆ ಮುಗಿಯಿತೇ? ರಬ್ಬರು ಹೊರಗಿನ ನೀರು ಒಳಗೆ ಬಿಡುವುದಿಲ್ಲ ನಿಜ, ಒಳಗಿನ ಬೆವರನ್ನು ಹೊರಗೂ ಬಿಡುವುದಿಲ್ಲ. ಮೇಲಿಂದ ಒಂದು ಸಲ ನೀರು ನುಗ್ಗಿದರೆ ದಿನವಿಡೀ ಕಾಲು ಅದರಲ್ಲೇ. ಒಣಗಿಸುವುದಕ್ಕೆ ಇನ್ನೊಂದು ಜೊತೆ ಎಲ್ಲಿ? ಕೂತು ಕಾಲು ಒರೆಸಿಕೊಳ್ಳುವುದಕ್ಕೆ ಒಂದು ಕೋಣೆ ಎಲ್ಲಿ? ತೊಳೆಯುವುದಕ್ಕೆ ನೀರೆಲ್ಲಿ? ಕೊಟ್ಟಿದ್ದೇವೆ, ಅವರೇ ಹಾಕಿಕೊಳ್ಳುವುದಿಲ್ಲ ಅನ್ನುವ ಮಾತು ನಾವೆಲ್ಲ ಕೇಳಿರುವುದೇ. ಸಿಪಾಯಿಯೇ ಕಾಲು ಕೆಡಿಸಿಕೊಂಡ ಅನ್ನುವ 1914ರ ಮಾತೇ ಇದು.

ಜನರನ್ನು ಕೊಲ್ಲುವುದಕ್ಕೆ ಕಟ್ಟಿದ ಒಂದು ಸೇನೆ ಒಂದು ವರ್ಷದೊಳಗೆ ಕಲಿತದ್ದನ್ನು ಜನರನ್ನು ಬದುಕಿಸುತ್ತೇವೆ ಅನ್ನುವ ಸರ್ಕಾರಗಳು ಇನ್ನೂ ಕಲಿತಿಲ್ಲ. ಮೇಷ್ಟ್ರುಗಳೇ, ನಿಮ್ಮ ಮಕ್ಕಳಿಗೆ ಸರಜೇವೊ ಹೇಳಿಕೊಡುವಾಗ ಈ ಬೂಟಿನ ಕತೆಯನ್ನೂ ಹೇಳಿ. ತಂಗಡಿ ಗಿಡ ಯಾವುದು ಅಂತ ಹೊರಗೆ ಕರಕೊಂಡು ಹೋಗಿ ತೋರಿಸಿ. ಸಂಘಟನೆಯ ಗೆಳೆಯರೇ, ಮುಂದಿನ ಸಲ ಪೌರಕಾರ್ಮಿಕರ ಬೇಡಿಕೆ ಬರೆಯುವಾಗ ಗಂಬೂಟು ಅಂತ ಒಂದೇ ಪದ ಬರೆದು ನಿಲ್ಲಿಸಬೇಡಿ. ಎರಡು ಜೊತೆ ಬೂಟು, ಒಣ ಕಾಲುಚೀಲ, ಕಾಲು ತೊಳೆಯುವುದಕ್ಕೆ ನೀರು, ಒಣಗಿಸುವ ಕೋಣೆ, ಕೆಲಸದ ನಡುವೆ ಬಿಡುವು ಅಂತ ಬರೆಯಿರಿ. ಕಾಲು ಕೆಟ್ಟರೆ ಉತ್ತರ ಹೇಳಬೇಕಾದ ಅಧಿಕಾರಿ ಯಾರು ಅಂತ ಕೇಳಿ ಬರೆಯಿರಿ.

ನಮ್ಮ ತಾತ ಕೊನೆಯವರೆಗೂ ಊರಿನವರ ಒದ್ದೆ ಮೆಟ್ಟಿಗೆ ಹರಳೆಣ್ಣೆ ಸವರಿದ. ತನ್ನ ಕಾಲಿಗೆ ಸವರಿಕೊಂಡದ್ದನ್ನು ನಾನು ನೋಡಲಿಲ್ಲ. "ನಿನ್ ಕಾಲ್ಗೂ ವಸಿ ಹಚ್ಕ ತಾತ" ಅಂದರೆ ನಗುತ್ತಿದ್ದ. "ಅದು ಗಿರಾಕಿ ಎಣ್ಣೆ ಕಣ್ಲಾ" ಅನ್ನುತ್ತಿದ್ದ.